ಹಸು ಯಾರದು, ಮಾರುವವರು ಯಾರು? ಹೆಣ್ಣಿನ ಸಬಲೀಕರಣವನ್ನು ಅಳೆಯುವ ಬಗೆ

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗಾಗಿ ಒಂದು ಯೋಜನೆ ಶುರುಮಾಡಿತು. ಸಣ್ಣ ಸಾಲ ತೆಗೆದುಕೊಳ್ಳುವ ತ್ರಾಣವೂ ಇಲ್ಲದ ಮನೆಗಳ ಹೆಂಗಸರಿಗೆ ಹಸು, ಮೇಕೆ, ಕೋಳಿಗಳನ್ನು ಕೊಟ್ಟು, ಸುಮಾರು ಎರಡು ವರ್ಷ ತರಬೇತಿ ಮತ್ತು ಸಣ್ಣ ಭತ್ಯೆಯ ಆಸರೆ ಒದಗಿಸುವುದು ಅದರ ಕ್ರಮ. 2007ರಿಂದ ನಡೆದ ಎರಡನೇ ಹಂತದಲ್ಲಿ ಯೋಜನೆ ಎಲ್ಲಿಗೆ ಬರಬೇಕು, ಎಲ್ಲಿಗೆ ಬರಬಾರದು ಎಂಬುದನ್ನು ಚೀಟಿ ಎತ್ತಿದಂತೆ ಆರಿಸಿದ್ದರು. ಹಾಗಾಗಿ ಎರಡೂ ಕಡೆಯ ಮನೆಗಳನ್ನು ಹೋಲಿಸಿ ನೋಡಲು ಸಾಧ್ಯವಾಯಿತು.

ಫಲಿತಾಂಶವನ್ನು ಮೇಲೆ ಮೇಲೆ ಓದಿದರೆ ಸಂತೋಷವಾಗುತ್ತದೆ. ಮನೆಗಳ ಆಸ್ತಿ ಹೆಚ್ಚಿತ್ತು, ದನಕರುಗಳ ಮೇಲೆ ಹೆಂಗಸರ ಒಡೆತನವೂ ಹಿಡಿತವೂ ಬೆಳೆದಿದ್ದವು. ಆದರೆ ಮೂಲ ಯೋಜನೆಯಲ್ಲಿ ಕೊಡದೆ, ಬಂದ ಲಾಭದಿಂದ ಮನೆಯವರು ಆಮೇಲೆ ಕೊಂಡ ಆಸ್ತಿ ಹೆಚ್ಚಾಗಿ ಗಂಡಸರ ಪಾಲಾಗಿತ್ತು. ಹಸು ಹಟ್ಟಿಯಲ್ಲಿದ್ದ ಮೇಲೆ ಕೆಲಸವೂ ಹಟ್ಟಿಯಲ್ಲೇ, ಆದ್ದರಿಂದ ಹೆಂಗಸರು ಹೊರಗೆ ಓಡಾಡುವುದು ಕಡಿಮೆಯಾಯಿತು. ಗಳಿಕೆಯ ಮೇಲಿನ ಅವರ ಹಿಡಿತವೂ ಸಡಿಲವಾಯಿತು. ಅದೇ ಹೆಂಗಸರ ಜೊತೆ ಕೂತು ಮಾತಾಡಿದಾಗ ಮತ್ತೊಂದು ಸಂಗತಿ ಹೊರಬಂತು: ಪರರ ಮನೆ, ಪರರ ಹೊಲದಲ್ಲಿ ದುಡಿಯುವ ಅವಮಾನಕ್ಕಿಂತ ಮನೆಯಲ್ಲೇ ದುಡಿಯುವುದು ಅವರಿಗೆ ಬೇಕಾಗಿತ್ತು. ಹಾಗಾದರೆ ಈ ಹೆಣ್ಣುಮಕ್ಕಳು ಸಬಲರಾದರೋ ಇಲ್ಲವೋ? ಓಡಾಟವೊಂದನ್ನೇ ಅಳೆದಿದ್ದರೆ ‘ಸೋಲು’ ಎಂದು ಬರೆಯಬೇಕಿತ್ತು, ಹಸುವಿನ ಒಡೆತನವೊಂದನ್ನೇ ಅಳೆದಿದ್ದರೆ ‘ಗೆಲುವು’ ಎಂದು.

ಇಂಥ ಇಕ್ಕಟ್ಟು ಬಾಂಗ್ಲಾದೇಶಕ್ಕೆ ಹೊಸದಲ್ಲ. 1996ರಲ್ಲಿ ಅಲ್ಲಿನ ಕಿರುಸಾಲಗಳ ಬಗ್ಗೆ ಒಂದೇ ವರ್ಷ ಎರಡು ಅಧ್ಯಯನಗಳು ಪ್ರಕಟವಾದವು. ಆ್ಯನ್ ಮೇರಿ ಗೋಟ್ಸ್ ಮತ್ತು ರೀನಾ ಸೇನ್‌ಗುಪ್ತಾ ಕೇಳಿದ ಪ್ರಶ್ನೆ ನೇರವಾಗಿತ್ತು: ಹೆಂಗಸಿನ ಹೆಸರಲ್ಲಿ ಬಂದ ಸಾಲದ ದುಡ್ಡನ್ನು ನಿಜಕ್ಕೂ ಬಳಸಿದವರು ಯಾರು? ಪೂರ್ಣ ಅಥವಾ ಗಣನೀಯ ಹಿಡಿತ ಉಳಿಸಿಕೊಂಡ ಹೆಂಗಸರು ಸುಮಾರು ಶೇ. 37 ಮಾತ್ರ, ಉಳಿದ ಕಡೆ ದುಡ್ಡು ಹೆಚ್ಚಾಗಿ ಗಂಡನ, ಮಗನ ಕೈಗೆ ಹೋಗಿತ್ತು. ಸೈಯದ್ ಹಾಶೆಮಿ, ಸಿಡ್ನಿ ಶುಲರ್ ಮತ್ತು ಆ್ಯನ್ ರೈಲಿ ಎಂಟು ಸೂಚಕಗಳನ್ನಿಟ್ಟು ಅಳೆದರು: ಓಡಾಟ, ಆರ್ಥಿಕ ಭದ್ರತೆ, ಸಣ್ಣ ಖರೀದಿ, ದೊಡ್ಡ ಖರೀದಿ, ಮನೆಯ ಮುಖ್ಯ ತೀರ್ಮಾನಗಳಲ್ಲಿ ಪಾಲು, ಮನೆಯವರ ದಬ್ಬಾಳಿಕೆಯಿಂದ ಬಿಡುಗಡೆ, ಕಾನೂನು–ರಾಜಕೀಯದ ಅರಿವು, ಸಾರ್ವಜನಿಕ ಪ್ರತಿಭಟನೆಗಳಲ್ಲಿ ಭಾಗಿಯಾಗುವುದು. ಸಾಲದ ಯೋಜನೆಗಳಿಂದ ಸಬಲೀಕರಣ ಆಗಿದೆ ಎಂಬುದು ಅವರ ಉತ್ತರ. ದೇಶ ಒಂದೇ, ಯೋಜನೆಗಳ ಬಗೆಯೂ ಒಂದೇ. ಮೊದಲನೆಯವರು ಸಾಲದ ದುಡ್ಡಿನ ದಾರಿ ಹಿಡಿದು ಹೋದರು, ಎರಡನೆಯವರು ಆ ಹೆಣ್ಣಿನ ದಿನದಿನದ ಬದುಕನ್ನು ನೋಡಿದರು. ದುಡ್ಡು ಗಂಡನ ರಿಕ್ಷಾಕ್ಕೆ ಹೋದರೂ ಅದನ್ನು ತಂದವಳು ತಾನು ಎಂಬ ಕಾರಣಕ್ಕೆ ಅವಳ ಮಾತಿಗೆ ತೂಕ ಬರಬಹುದು. ಹಾಗೆಯೇ ದುಡ್ಡು ಅವನದು, ಕಂತಿನ ಚಿಂತೆ ಮಾತ್ರ ಅವಳದು ಎಂದೂ ಆಗಬಹುದು. ಸಾಲದ ಪಾಸ್‌ಬುಕ್ಕಿನಲ್ಲಿ ಈ ಎರಡೂ ಒಂದೇ ರೀತಿ ಕಾಣುತ್ತವೆ.

ಅರ್ಥಶಾಸ್ತ್ರಜ್ಞೆ ನೈಲಾ ಕಬೀರ್ 1999ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು, ಇಂದಿಗೂ ಅದೇ ಬಳಕೆಯಲ್ಲಿದೆ. ಅವರ ಪ್ರಕಾರ ಸಬಲೀಕರಣ ಎಂದರೆ, ಆಯ್ಕೆಯ ಶಕ್ತಿಯೇ ಇಲ್ಲದಂತಾಗಿದ್ದವರಿಗೆ ಆ ಶಕ್ತಿ ಬರುವುದು. ಅದನ್ನು ಮೂರು ಕಡೆ ಹುಡುಕಬೇಕು: ಸಂಪನ್ಮೂಲ, ಕರ್ತೃತ್ವ, ಫಲ. ಹಸು ಸಂಪನ್ಮೂಲ. ಅದನ್ನು ಯಾವಾಗ ಮಾರಬೇಕು, ಬಂದ ಹಣ ಏನು ಮಾಡಬೇಕು ಎಂದು ತನ್ನಿಚ್ಛೆಯಂತೆ ನಡೆಸಬಲ್ಲುದು ಕರ್ತೃತ್ವ. ಮಗಳು ಶಾಲೆಯಲ್ಲಿ ಉಳಿದದ್ದು ಫಲ. ಸಂಪನ್ಮೂಲವನ್ನು ಎಣಿಸುವುದು ಸುಲಭ, ಫಲವನ್ನು ಎಣಿಸುವುದೂ ಅಷ್ಟೇನೂ ಕಷ್ಟವಲ್ಲ. ನಡುವಿನದೇ ಕಣ್ಣಿಗೆ ಬೀಳದ್ದು, ಅದನ್ನು ಬಿಟ್ಟು ಬರೆದ ವರದಿಗಳೇ ಹೆಚ್ಚು.

ಕರ್ತೃತ್ವವನ್ನು ಹಿಡಿಯಲು ಬಹಳಷ್ಟು ಸಮೀಕ್ಷೆಗಳು ಬಳಸುವ ಪ್ರಶ್ನೆ ಒಂದಿದೆ: ‘ಮನೆಯಲ್ಲಿ ಇಂಥ ವಿಷಯದ ತೀರ್ಮಾನ ಸಾಮಾನ್ಯವಾಗಿ ಯಾರದು?’ ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದನ್ನೇ ಕೇಳುತ್ತದೆ: ಹೆಂಗಸಿನ ಸ್ವಂತ ಆರೋಗ್ಯ, ಮನೆಯ ದೊಡ್ಡ ಖರೀದಿ, ತವರು ಅಥವಾ ನೆಂಟರ ಮನೆಗೆ ಹೋಗುವುದು. ಉತ್ತರಗಳಲ್ಲಿ ‘ಇಬ್ಬರೂ ಸೇರಿ’ ಎಂಬುದು ಬಂದರೆ ತೊಡಕು ಶುರು. ಇಬ್ಬರೂ ಕೂತು ಚರ್ಚಿಸಿದ್ದೂ ‘ಇಬ್ಬರೂ ಸೇರಿ’. ಅವನು ಹೇಳಿದ, ಇವಳು ಹ್ಞೂಂ ಅಂದಳು ಎಂಬುದೂ ‘ಇಬ್ಬರೂ ಸೇರಿ’. ‘ನಾನೊಬ್ಬಳೇ’ ಎಂಬ ಉತ್ತರವನ್ನೇ ಅತಿ ಹೆಚ್ಚಿನ ಸಬಲತೆ ಎಂದುಕೊಳ್ಳುವುದೂ ತಪ್ಪು. ಗಂಡ ವಲಸೆ ಹೋಗಿದ್ದಾನೆ, ದುಡ್ಡು ಕಳಿಸುತ್ತಿಲ್ಲ, ಎಲ್ಲವೂ ಅವಳ ತಲೆಯ ಮೇಲಿದೆ. ಅವಳ ಉತ್ತರವೂ ‘ನಾನೊಬ್ಬಳೇ’. ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳಿದರೆ ಗಂಡ ಹೆಂಡತಿಯ ಉತ್ತರಗಳು ತಾಳೆಯಾಗದಿರುವುದು ತೀರಾ ಸಾಮಾನ್ಯ.

ಇದನ್ನು ತಿದ್ದಲು ಆಗುತ್ತದೆ. ‘ಸಾಮಾನ್ಯವಾಗಿ’ ಎಂಬುದನ್ನು ಬಿಟ್ಟು ಒಂದು ನಿಜವಾದ ಘಟನೆ ಹಿಡಿಯಬೇಕು. ಕೊನೆಯ ಸಲ ಮೇಕೆ ಮಾರಿದ್ದು ಯಾವಾಗ? ಮೊದಲು ಮಾತೆತ್ತಿದವರು ಯಾರು? ನಿಮಗೆ ಬೇಡ ಅನಿಸಿತ್ತೇ? ಬೇಡ ಅಂದಿದ್ದರೆ ಏನಾಗುತ್ತಿತ್ತು? ಬಂದ ದುಡ್ಡು ಯಾರ ಕೈ ಸೇರಿತು? ಒಂದು ಪ್ರಶ್ನೆಯ ಜಾಗದಲ್ಲಿ ಐದಾಗುತ್ತವೆ, ಸಮಯವೂ ಹೆಚ್ಚು ಬೇಕು. ಆದ್ದರಿಂದ ಹತ್ತು ಬಗೆಯ ತೀರ್ಮಾನಗಳನ್ನು ಮೇಲೆ ಮೇಲೆ ಕೇಳುವ ಬದಲು ಆ ಊರಿನಲ್ಲಿ ನಿಜಕ್ಕೂ ಜಗಳಕ್ಕೆ ಕಾರಣವಾಗುವ ಎರಡು ಮೂರನ್ನು ಆರಿಸಿ ಆಳವಾಗಿ ಕೇಳುವುದೇ ಮೇಲು. ಅಡುಗೆಗೆ ಏನು ಮಾಡಬೇಕು ಎಂಬ ತೀರ್ಮಾನ ಹಿಂದಿನಿಂದಲೂ ಅವಳದೇ, ಅದರಿಂದ ಏನೂ ತಿಳಿಯುವುದಿಲ್ಲ.

ಅನುವಾದದಲ್ಲಿ ಕೆಡುವುದೂ ಇದೆ. ಹೆಣ್ಣಿನ ಓಡಾಟದ ಬಗ್ಗೆ ಕನ್ನಡದಲ್ಲಿ ಪ್ರಶ್ನಾವಳಿ ಮಾಡುವವರಿಗೆ ನಮ್ಮ ಭಾಷೆಯೇ ಒಂದು ಒಳ್ಳೆಯ ಅಳತೆಗೋಲು ಕೊಟ್ಟಿದೆ: ಸಂತೆಗೆ ‘ಕೇಳಿ ಹೋಗ್ತೀರೋ, ಹೇಳಿ ಹೋಗ್ತೀರೋ?’ ಅಪ್ಪಣೆ ಬೇಡುವುದಕ್ಕೂ ವಿಷಯ ತಿಳಿಸುವುದಕ್ಕೂ ಇರುವ ಅಂತರ ಒಂದಕ್ಷರದಲ್ಲಿದೆ. ‘ಅನುಮತಿಯ ಅವಶ್ಯಕತೆ ಇದೆಯೇ?’ ಎಂಬ ಕಚೇರಿ ಕನ್ನಡ ಈ ಅಂತರವನ್ನು ನುಂಗಿಬಿಡುತ್ತದೆ.

ಬಿಡಿ ಪ್ರಶ್ನೆಗಳನ್ನು ಕೂಡಿಸಿ ಒಂದು ಅಂಕಿ ಮಾಡುವ ದೊಡ್ಡ ಪ್ರಯತ್ನ 2012ರಲ್ಲಿ ಬಂದ ‘ಕೃಷಿಯಲ್ಲಿ ಮಹಿಳಾ ಸಬಲೀಕರಣ ಸೂಚ್ಯಂಕ’. ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ, ಆಕ್ಸ್‌ಫರ್ಡಿನ ಬಡತನ ಅಧ್ಯಯನ ಕೇಂದ್ರ ಮತ್ತು ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಸೇರಿ ರೂಪಿಸಿದ ಇದನ್ನು ಮೊದಲು ಬಾಂಗ್ಲಾದೇಶ, ಗ್ವಾಟೆಮಾಲಾ ಮತ್ತು ಉಗಾಂಡದಲ್ಲಿ ಪರೀಕ್ಷಿಸಿದರು. ಉತ್ಪಾದನೆ, ಸಂಪನ್ಮೂಲ, ಆದಾಯ, ನಾಯಕತ್ವ, ಸಮಯ ಎಂಬ ಐದು ಕ್ಷೇತ್ರಗಳು, ಒಳಗೆ ಹತ್ತು ಸೂಚಕಗಳು. ಪ್ರತಿ ಕ್ಷೇತ್ರಕ್ಕೂ ಐದನೇ ಒಂದು ಪಾಲು ತೂಕ. ಒಟ್ಟು ತೂಕದ ಶೇ. 80 ಅಥವಾ ಹೆಚ್ಚು ಪಾಲಿನ ಸೂಚಕಗಳಲ್ಲಿ ‘ಸಾಕಷ್ಟು’ ಎನಿಸಿಕೊಂಡವಳು ಸಬಲೆ. ಅದೇ ಮನೆಯ ಗಂಡಸನ್ನೂ ಅದೇ ಪ್ರಶ್ನೆ ಕೇಳಿ ಇಬ್ಬರ ನಡುವಿನ ಅಂತರವನ್ನೂ ಸೇರಿಸುತ್ತಾರೆ. ಅಂತಿಮ ಸೂಚ್ಯಂಕದಲ್ಲಿ ಅದರ ತೂಕ ಶೇ. 10. ಗಂಡಸರನ್ನೂ ಕೇಳುವ ಈ ಕ್ರಮ ಸೂಚ್ಯಂಕದ ಅತಿ ಒಳ್ಳೆಯ ಗುಣ. ಬಡ ಹಳ್ಳಿಯಲ್ಲಿ ಗಂಡಸೂ ಕೈಕಟ್ಟಿ ಹಾಕಿದಂತೆ ಬದುಕುತ್ತಿರಬಹುದು, ಅದು ತಿಳಿಯದೆ ಹೆಣ್ಣಿನ ಅಂಕಿಯನ್ನು ಓದಲಾಗದು.

ತೂಕದ ಲೆಕ್ಕವನ್ನು ಮಾತ್ರ ಬಿಡಿಸಿ ನೋಡಬೇಕು. ಆದಾಯ ಕ್ಷೇತ್ರದಲ್ಲಿ ಇರುವುದು ಒಂದೇ ಸೂಚಕ, ಅದರ ತೂಕ ಶೇ. 20. ಅಂದರೆ ಗಳಿಕೆಯ ಮೇಲೆ ಹಿಡಿತವೇ ಇಲ್ಲದ, ಉಳಿದೆಲ್ಲ ಸರಿಯಿರುವ ಹೆಂಗಸು ಸರಿಯಾಗಿ ಶೇ. 80ಕ್ಕೆ ಬಂದು ನಿಂತು ‘ಸಬಲೆ’ ಎನಿಸಿಕೊಳ್ಳುತ್ತಾಳೆ. ಸಂಘದ ಸದಸ್ಯತ್ವಕ್ಕೆ ಶೇ. 10 ತೂಕ. ಸಂಘ ಕಟ್ಟುವುದೇ ಕೆಲಸವಾಗಿರುವ ಯೋಜನೆ ಈ ಸೂಚ್ಯಂಕವನ್ನು ಬಳಸಿದರೆ, ಹೆಸರು ನೋಂದಾಯಿಸಿದ ದಿನವೇ ಅವಳ ಅಂಕ ಏರುತ್ತದೆ. ಅವಳ ಬದುಕಿನಲ್ಲಿ ಇನ್ನೂ ಏನೂ ಆಗಿಲ್ಲ. ಯೋಜನೆ ತಾನೇ ಕೈಯಾರೆ ಕೊಟ್ಟದ್ದನ್ನು ಫಲದ ಲೆಕ್ಕಕ್ಕೆ ಸೇರಿಸಬಾರದು. ಆ ಸೂಚಕವನ್ನು ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ, ಎರಡೂ ಅಂಕಿಗಳನ್ನು ಅಕ್ಕಪಕ್ಕ ಮುದ್ರಿಸಬೇಕು.

ಸಮಯದ ಸೂಚಕ ನನಗೆ ಬಹಳ ಮುಖ್ಯವೆನಿಸುತ್ತದೆ. ಹಿಂದಿನ 24 ಗಂಟೆಗಳಲ್ಲಿ ಹತ್ತೂವರೆ ಗಂಟೆಗಿಂತ ಹೆಚ್ಚು ದುಡಿದಿದ್ದರೆ ಅವಳಿಗೆ ಅಲ್ಲಿ ಅಂಕವಿಲ್ಲ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಅದರಲ್ಲಿ ತೊಡಗಿದ ಗಂಡಸರು 97 ನಿಮಿಷ. ಇದರ ಮೇಲೆ ಹಾಲಿನ ಡೇರಿ, ಹೊಲಿಗೆ, ಸಂಘದ ಸಭೆ ಎಂದು ಯೋಜನೆಗಳು ಹೊರೆ ಹೇರುತ್ತವೆ. ಆದಾಯ ಏರಿದ್ದು ವರದಿಯಲ್ಲಿ ಬರುತ್ತದೆ. ನಿದ್ದೆ ಕಡಿಮೆಯಾದದ್ದು, ಹಿರಿಮಗಳು ಶಾಲೆ ತಪ್ಪಿಸಿ ತಂಗಿಯನ್ನು ನೋಡಿಕೊಂಡದ್ದು ಬರುವುದಿಲ್ಲ. ಈ ಅಳತೆ ಕೆಡುವುದೂ ಸುಲಭ. ಸೊಂಟದಲ್ಲಿ ಮಗುವನ್ನಿಟ್ಟುಕೊಂಡು ಒಲೆಯೂದುವವಳು ‘ಅಡುಗೆ’ ಎಂದಷ್ಟೇ ಹೇಳುತ್ತಾಳೆ. ಜೊತೆಜೊತೆಗೆ ಇನ್ನೇನು ಮಾಡುತ್ತಿದ್ದಿರಿ ಎಂದು ಪ್ರತಿ ಹೊತ್ತಿಗೂ ಕೇಳದಿದ್ದರೆ ಮಗುವಿನ ಆರೈಕೆ ಲೆಕ್ಕದಿಂದ ಜಾರಿಹೋಗುತ್ತದೆ. ಮೊದಲ ಸುತ್ತು ಸುಗ್ಗಿಯಲ್ಲಿ, ಕೊನೆಯ ಸುತ್ತು ಬೇಸಿಗೆಯಲ್ಲಿ ನಡೆದರೆ ಯೋಜನೆಯೇ ಇಲ್ಲದಿದ್ದರೂ ದುಡಿಮೆ ಇಳಿದಂತೆ ಕಾಣುತ್ತದೆ.

ಇನ್ನು ಮೆಚ್ಚಿಸುವ ಉತ್ತರಗಳ ವಿಷಯ. ಎರಡು ವರ್ಷ ಸಮಾನತೆಯ ಪಾಠ ಕೇಳಿದವರಿಗೆ ‘ಸರಿಯಾದ’ ಉತ್ತರ ಬಾಯಿಪಾಠವಾಗಿರುತ್ತದೆ. ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ ಬ್ರೇಕ್‌ಥ್ರೂ ಸಂಸ್ಥೆ ನಡೆಸಿದ ಗಂಡು–ಹೆಣ್ಣಿನ ಸಮಾನತೆಯ ತರಗತಿಗಳನ್ನು ಪರೀಕ್ಷಿಸಿದ ದಿವಾ ಧರ್, ತರುಣ್ ಜೈನ್ ಮತ್ತು ಸೀಮಾ ಜಯಚಂದ್ರನ್ ಇದನ್ನು ಮೊದಲೇ ಊಹಿಸಿದ್ದರು. ಯೋಜನೆ ಶುರುವಾಗುವ ಮುನ್ನವೇ ‘ನಾನು ಯಾರೊಂದಿಗೂ ಎಂದೂ ಒರಟಾಗಿ ನಡೆದುಕೊಂಡಿಲ್ಲ’ ಎಂಬಂಥ, ಯಾರಿಗೂ ನೂರಕ್ಕೆ ನೂರು ನಿಜವಾಗಿರಲಾರದ ಮಾತುಗಳಿಗೆ ಮಕ್ಕಳು ಎಷ್ಟು ಹೌದೆನ್ನುತ್ತಾರೆ ಎಂದು ನೋಡಿ, ಪ್ರತಿ ಮಗುವಿನ ಮೆಚ್ಚಿಸುವ ಸ್ವಭಾವವನ್ನು ಅಳೆದಿಟ್ಟರು. ಆಮೇಲೆ ತೋರಿದ ಬದಲಾವಣೆ ಬರೀ ಆ ಸ್ವಭಾವದಿಂದ ಬಂದದ್ದಲ್ಲ ಎಂದು ಹೇಳಲು ಅವರಿಗೆ ಆಧಾರ ಸಿಕ್ಕಿತು.

ಅರಿವು ಬೆಳೆದಾಗ ಅಂಕಿ ಉಲ್ಟಾ ತಿರುಗುವುದೂ ಉಂಟು. ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ 18ರಿಂದ 49ರ ವಯಸ್ಸಿನ ವಿವಾಹಿತೆಯರು ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಶೇ. 20.6, ಐದನೇ ಸುತ್ತಿನಲ್ಲಿ ಶೇ. 44.4. ಐದನೇ ಸುತ್ತಿನ ಕ್ಷೇತ್ರಕಾರ್ಯ ಇಲ್ಲಿ ನಡೆದದ್ದು 2019ರಲ್ಲಿ, ಹಾಗಾಗಿ ಲಾಕ್‌ಡೌನ್ ಕಾರಣವಲ್ಲ. ಹಿಂಸೆ ದುಪ್ಪಟ್ಟಾಯಿತೋ, ಹಿಂದೆ ಬಾಯಿ ಕಟ್ಟಿದ್ದವರು ಈಗ ಹೇಳಿಕೊಂಡರೋ, ಕೇಳಿದವರ ತರಬೇತಿ ಬೇರೆಯಿತ್ತೋ ಎಂಬುದನ್ನು ಆ ಎರಡು ಅಂಕಿಗಳಷ್ಟೇ ಬಿಡಿಸಿ ಹೇಳಲಾರವು. ಸಬಲೀಕರಣ ಯೋಜನೆಗಳಲ್ಲೂ ಇದೇ ಆಗುತ್ತದೆ: ಕಪಾಳಕ್ಕೆ ಹೊಡೆದದ್ದನ್ನು ‘ಹಿಂಸೆ’ ಎಂದು ಎಣಿಸದಿದ್ದವಳು ಯೋಜನೆಯ ನಂತರ ಎಣಿಸುತ್ತಾಳೆ. ಅದಕ್ಕಾಗಿಯೇ ‘ಹಿಂಸೆ ಆಗಿದೆಯೇ’ ಎನ್ನದೆ ತಳ್ಳಿದ್ದು, ಹೊಡೆದದ್ದು, ಕೈ ತಿರುಚಿದ್ದು ಎಂದು ಒಂದೊಂದೇ ಕೃತ್ಯವನ್ನು ಹೆಸರಿಸಿ ಕೇಳಬೇಕು. ಹೋಲಿಕೆಗೆ ಯೋಜನೆ ಇಲ್ಲದ ಹಳ್ಳಿಗಳು ಬೇಕೇ ಬೇಕು.

ಈ ಪ್ರಶ್ನೆಗಳನ್ನು ಕೇಳುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹಾಕಿಕೊಟ್ಟ ಕಟ್ಟಳೆಗಳನ್ನು ಸಡಿಲಿಸಬಾರದು. ಒಂದು ಮನೆಯಲ್ಲಿ ಒಬ್ಬಳನ್ನೇ ಕೇಳಬೇಕು. ಸಮೀಕ್ಷೆ ಹಿಂಸೆಯ ಬಗ್ಗೆ ಎಂದು ಮನೆಯ ಉಳಿದವರಿಗೂ ಊರಿಗೂ ತಿಳಿಯಬಾರದು. ಏಕಾಂತ ಸಿಗದಿದ್ದರೆ ಆ ಭಾಗವನ್ನು ಬಿಟ್ಟುಬಿಡಬೇಕು. ಅತ್ತೆ ಒಳಗೆ ಬಂದರೆ ತಕ್ಷಣ ಮಾತು ಹೊರಳಿಸಲು ಮಕ್ಕಳ ಲಸಿಕೆಯಂಥ ಬೇರೆ ಪ್ರಶ್ನೆಗಳ ಹಾಳೆ ಕೈಯಲ್ಲಿರಬೇಕು. ನೆರವು ಎಲ್ಲಿ ಸಿಗುತ್ತದೆ ಎಂದು ಹೇಳಲಾಗದವರು ಈ ಪ್ರಶ್ನೆ ಕೇಳಲೇಬಾರದು. ಉತ್ತರಿಸಿದ ಸಂಜೆ ಅವಳಿಗೆ ಏಟು ಬಿದ್ದರೆ ಅದಕ್ಕೆ ಹೊಣೆ ಸಮೀಕ್ಷೆ ಮಾಡಿದವರೇ.

ಎಷ್ಟು ಜನರನ್ನು ಕೇಳಬೇಕು ಎಂಬಲ್ಲಿ ಎಡವುವವರು ಬಹಳ. ಒಂದೇ ಸಂಘದ 20 ಹೆಂಗಸರು 20 ಬೇರೆ ಬೇರೆ ಸಾಕ್ಷಿಗಳಲ್ಲ. ಒಂದೇ ಊರಿನ ಕಟ್ಟುಪಾಡು, ಒಬ್ಬಳೇ ಕಾರ್ಯಕರ್ತೆ ಅವರನ್ನು ಹೋಲುವಂತೆ ಮಾಡಿರುತ್ತಾರೆ. ಆ ಹೋಲಿಕೆಯ ಪ್ರಮಾಣ (ಸೊನ್ನೆ ಎಂದರೆ ಹೋಲಿಕೆಯೇ ಇಲ್ಲ, ಒಂದು ಎಂದರೆ ಎಲ್ಲರೂ ಒಂದೇ) 0.05ರಷ್ಟು ಅಲ್ಪವಾಗಿದ್ದರೂ, 20ರಲ್ಲಿ ಒಂದು ಕಳೆದು 0.05ರಿಂದ ಗುಣಿಸಿ ಒಂದು ಕೂಡಿಸಿದರೆ 1.95 ಬರುತ್ತದೆ, ಕೇಳಬೇಕಾದವರ ಸಂಖ್ಯೆ ಅಷ್ಟು ಪಟ್ಟಾಗುತ್ತದೆ. ಬಿಡಿಬಿಡಿಯಾಗಿ ಆರಿಸಿದಾಗ 400 ಜನ ಸಾಕಾಗುತ್ತಿದ್ದಲ್ಲಿ ಈಗ 780 ಜನ ಬೇಕು. ಪ್ರತಿ ಸಂಘದಲ್ಲಿ ಹೆಚ್ಚು ಜನರನ್ನು ಕೇಳುವ ಬದಲು ಹೆಚ್ಚು ಸಂಘಗಳಿಗೆ ಹೋಗುವುದು ಲಾಭ. ಸಂಘ ಬಿಟ್ಟವರನ್ನು ಹುಡುಕಿಕೊಂಡು ಹೋಗುವುದಂತೂ ಕಡ್ಡಾಯ. ಕಂತು ಕಟ್ಟಲಾಗದೆ, ಗಂಡ ಬಿಡದೆ ಹೊರಬಿದ್ದವರನ್ನು ಬಿಟ್ಟು ಉಳಿದವರನ್ನಷ್ಟೇ ಕೇಳಿದರೆ ಎಂಥ ಯೋಜನೆಯೂ ಗೆದ್ದಂತೆಯೇ ಕಾಣುತ್ತದೆ.

ಪ್ರಶ್ನಾವಳಿ ಉದ್ದವಾದಷ್ಟೂ ಉತ್ತರ ಸೊರಗುತ್ತದೆ. ಇದಕ್ಕೆ ಹರಿಯಾಣದಲ್ಲೇ ಒಂದು ಒಳ್ಳೆಯ ದಾರಿ ತೋರಿಸಿದ್ದಾರೆ. ಜಯಚಂದ್ರನ್, ಮೋನಿಕಾ ಬಿರದವೋಲು ಮತ್ತು ಜಾನ್ ಕೂಪರ್ 209 ಹೆಂಗಸರ ಜೊತೆ ಮೊದಲು ಬಿಚ್ಚುಮನಸ್ಸಿನ ಮಾತುಕತೆ ನಡೆಸಿ, ಅದನ್ನು ಓದಿ ಒಬ್ಬೊಬ್ಬರ ಕರ್ತೃತ್ವಕ್ಕೂ ಅಂಕ ಕೊಟ್ಟರು. ಅವರಿಗೇ ಸಿದ್ಧ ಉತ್ತರಗಳ ದೊಡ್ಡ ಪ್ರಶ್ನಾವಳಿಯನ್ನೂ ಕೇಳಿ, ಆ ಅಂಕಕ್ಕೆ ಅತಿ ಹತ್ತಿರ ಬರುವ ಪ್ರಶ್ನೆಗಳನ್ನು ಕಂಪ್ಯೂಟರಿನಿಂದ ಆರಿಸಿದರು. ಉಳಿದದ್ದು ಐದೇ ಪ್ರಶ್ನೆ, ಆ ಐದು ಸೇರಿ ಇಡೀ ಪ್ರಶ್ನಾವಳಿಯಷ್ಟೇ ಚೆನ್ನಾಗಿ ಅಳೆದವು. ಆದರೆ ಆ ಐದನ್ನು ಕನ್ನಡಿಸಿ ರಾಯಚೂರಿಗೆ ತಂದರೆ ಅದೇ ಫಲ ಸಿಗುತ್ತದೆಂದು ನಂಬಲು ಆಧಾರವಿಲ್ಲ. ತರಬೇಕಾದದ್ದು ಅವರ ಕ್ರಮವನ್ನು: ಇಲ್ಲಿನ ಇನ್ನೂರು ಹೆಂಗಸರ ಜೊತೆ ಅವರ ಮಾತಿನಲ್ಲೇ ಕೂತು ಮಾತಾಡುವುದು, ಹಸು ಕಟ್ಟಿದ್ದು ಯಾರ ಹಟ್ಟಿಯಲ್ಲಿ ಎಂದಷ್ಟೇ ಕೇಳದೆ ಸಂತೆಗೆ ಹಗ್ಗ ಹಿಡಿದು ಹೋದವರು ಯಾರು, ದಲ್ಲಾಳಿಯ ಕೈಯಿಂದ ನೋಟು ಎಣಿಸಿಕೊಂಡವರು ಯಾರು ಎಂಬಲ್ಲಿಯವರೆಗೂ ಕೇಳುವುದು, ಆಮೇಲೆ ಪ್ರಶ್ನಾವಳಿ ಬರೆಯುವುದು.