33 ಎಂದರೆ ಎಷ್ಟು?

2015ರ ಮಾರ್ಚ್ 10ರಂದು ಸಿಡ್ನಿಯಿಂದ ಕ್ವಾಲಾಲಂಪುರಕ್ಕೆ ಹೊರಡಲಿದ್ದ ಏರ್‌ಏಷ್ಯಾ ಎಕ್ಸ್‌ನ ಎ330 ವಿಮಾನವು, ಗೇಟಿನಲ್ಲಿ ನಿಂತಿದ್ದಾಗಲೇ, ತಾನು ಕೇಪ್‌ಟೌನ್‌ಗೆ ಪಶ್ಚಿಮದ ಕಡಲಿನ ಮೇಲಿದ್ದೇನೆಂದು ನಂಬಿಕೊಂಡಿತ್ತು. ನಿಂತ ಜಾಗದ ರೇಖಾಂಶವನ್ನು ಕ್ಯಾಪ್ಟನ್ ಕೈಯಾರೆ ಟೈಪ್ ಮಾಡುವಾಗ 15109.8 (151 ಡಿಗ್ರಿ 9.8 ಮಿನಿಟು) ಎಂಬುದು 01519.8 (15 ಡಿಗ್ರಿ 19.8 ಮಿನಿಟು) ಆಗಿತ್ತು. ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ. ಅಂಕಿಗಳೆಲ್ಲ ಅವೇ, ನಡುವೆ ಇದ್ದ ಸೊನ್ನೆ ಮಾತ್ರ ಎದ್ದು ಹೋಗಿ ಎಲ್ಲಕ್ಕಿಂತ ಮುಂದೆ ಕುಳಿತಿದೆ. ಅಷ್ಟಕ್ಕೇ ವಿಮಾನ 11,000 ಕಿಲೋಮೀಟರಿಗೂ ಹೆಚ್ಚು ದೂರ ಸರಿದಿತ್ತು. ನೆಲ ಬಿಟ್ಟು ಆಟೊಪೈಲಟ್ ಹಾಕಿದ ಕೂಡಲೇ ಅದು ಪಕ್ಕದ ರನ್‌ವೇಯಿಂದ ಏರುವ ವಿಮಾನಗಳ ದಾರಿಯತ್ತ ಎಡಕ್ಕೆ ತಿರುಗಿತು. ದೋಷ ಸರಿಪಡಿಸಲು ಹೋಗಿ ಮತ್ತಷ್ಟು ಉಪಕರಣಗಳನ್ನು ಕಳೆದುಕೊಂಡ ಪೈಲಟ್‌ಗಳು, ಮೋಡ ಕವಿದಿದ್ದ ಸಿಡ್ನಿಗೆ ಮರಳಲಾಗದೆ, ಕೊನೆಗೆ ಮೆಲ್ಬರ್ನ್‌ನಲ್ಲಿ ಇಳಿದರು. ಯಾರಿಗೂ ಗಾಯವಾಗಲಿಲ್ಲ.

ಎ320 ವಿಮಾನದ ಸಿಮ್ಯುಲೇಟರಿನಲ್ಲಿ ತರಬೇತಿ ಕೊಡುವವನಾಗಿ ನಾನು ಇಂಥ ತಪ್ಪುಗಳನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಎಲ್ಲವೂ ಕಂಪ್ಯೂಟರೇ ನೋಡಿಕೊಳ್ಳುವಾಗ ಪೈಲಟ್‌ಗೆ ಏನು ಕೆಲಸ ಎಂದು ನೆಂಟರು ಕೇಳುವುದುಂಟು. ಕಂಪ್ಯೂಟರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ ಎಂಬುದೇ ನಮ್ಮ ಕೆಲಸದ ಕಷ್ಟ. ತೀರ ಅಸಂಬದ್ಧವಾದ ಅಂಕಿಯನ್ನು ಅದು ತಿರಸ್ಕರಿಸಬಹುದು. ನಂಬುವಂತಿರುವ ತಪ್ಪು ಅಂಕಿಯನ್ನು ಮಾತ್ರ ವಿಧೇಯವಾಗಿ ನುಂಗುತ್ತದೆ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಿಂದ ಹೊರಟ ಎಮಿರೇಟ್ಸ್‌ನ ಎ340 ವಿಮಾನದ ತೂಕವನ್ನು ಲ್ಯಾಪ್‌ಟಾಪಿನಲ್ಲಿ 362.9 ಟನ್ನಿನ ಬದಲು 262.9 ಎಂದು ತುಂಬಲಾಗಿತ್ತು. ನೂರು ಟನ್ ಹಗುರವಾದ ವಿಮಾನಕ್ಕೆ ಎಷ್ಟು ವೇಗ, ಎಷ್ಟು ಎಂಜಿನ್ ಶಕ್ತಿ ಸಾಕೆಂದು ಯಂತ್ರ ಲೆಕ್ಕ ಹಾಕಿತೋ, ಅಷ್ಟರಲ್ಲೇ ನಿಜವಾದ ವಿಮಾನ ಓಡಿತು. ಬಾಲ ನೆಲಕ್ಕೆ ಉಜ್ಜಿ, ರನ್‌ವೇ ಮುಗಿದ ಮೇಲೆ ಅದು ಹೇಗೋ ಮೇಲೆದ್ದಿತು.

ಅಂಕಿ ಸರಿಯಾಗಿದ್ದೂ ಅರ್ಥ ತಪ್ಪುವುದು ಇದಕ್ಕಿಂತ ಸೂಕ್ಷ್ಮವಾದ ಸಂಗತಿ. 1992ರ ಜನವರಿ 20ರ ಸಂಜೆ ಲಿಯಾನ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ಬರುತ್ತಿದ್ದ ಏರ್ ಇಂಟರ್ ಸಂಸ್ಥೆಯ ಎ320 ವಿಮಾನ ಬೆಟ್ಟಕ್ಕೆ ಬಡಿದು 87 ಮಂದಿ ಸತ್ತರು. ಆ ವಿಮಾನದಲ್ಲಿ ಇಳಿಯುವ ಪ್ರಮಾಣವನ್ನು ಒಂದೇ ತಿರುಪಿನಿಂದ ಎರಡು ರೀತಿಯಲ್ಲಿ ಹೇಳಬಹುದಿತ್ತು: ಇಳಿಜಾರಿನ ಕೋನವಾಗಿ, ಇಲ್ಲವೇ ನಿಮಿಷಕ್ಕೆ ಇಷ್ಟು ಅಡಿ ಎಂದು. ಮೊದಲನೆಯದರಲ್ಲಿ ತಿರುಪಿನ ಮೇಲಿನ ಪುಟ್ಟ ಅಂಕಿ-ಕಿಟಕಿಯಲ್ಲಿ ಕಾಣುವ -3.3 ಎಂದರೆ ನಿಮಿಷಕ್ಕೆ ಸುಮಾರು 800 ಅಡಿಯ ನಯವಾದ ಇಳಿತ. ಎರಡನೆಯದರಲ್ಲಿ ಕಾಣುವ -33 ಎಂದರೆ ನಿಮಿಷಕ್ಕೆ 3300 ಅಡಿ. ಕೋನವೆಂದುಕೊಂಡು ಇಳಿಯುವ ವೇಗವನ್ನು ಕೊಟ್ಟಿರುವ ಸಾಧ್ಯತೆಯೇ ಹೆಚ್ಚೆಂದು ತನಿಖೆ ಭಾವಿಸಿತು. ನಡುವೆ ಇದ್ದದ್ದು ಒಂದು ಚುಕ್ಕೆ. ಮುಂದೆ ಏರ್‌ಬಸ್ ಆ ಕಿಟಕಿಯಲ್ಲಿ 3300 ಎಂದು ನಾಲ್ಕೂ ಅಂಕಿ ಕಾಣುವಂತೆ ಮಾಡಿತು. ಇದನ್ನು ಪೈಲಟ್‌ನ ತಪ್ಪು ಎಂದಷ್ಟೇ ಬರೆದು ಕಡತ ಮುಚ್ಚುವವರನ್ನು ನಾನು ಒಪ್ಪುವುದಿಲ್ಲ. ಆ ಚುಕ್ಕೆಯನ್ನು ಅಲ್ಲಿಟ್ಟವರೂ ಮನುಷ್ಯರೇ.

ಸಿಮ್ಯುಲೇಟರಿನ ಒಂದು ಪ್ರಸಂಗ ನೆನಪಾಗುತ್ತದೆ. 250 ನಾಟ್ ವೇಗದಲ್ಲಿ ಹೋಗುತ್ತಿದ್ದ ಶಿಷ್ಯನಿಗೆ, ಕಂಟ್ರೋಲರ್ ಪಾತ್ರದಲ್ಲಿ ನಾನು 'ಹೆಡಿಂಗ್ 220' ಎಂದೆ, ಅಂದರೆ ದಿಕ್ಸೂಚಿಯ 220 ಡಿಗ್ರಿಯತ್ತ ತಿರುಗು ಎಂದು. ಅವನು ಸ್ಪಷ್ಟವಾಗಿ 'ಹೆಡಿಂಗ್ 220' ಎಂದು ಮರುನುಡಿದು, ಕೈ ಚಾಚಿ, ಪಕ್ಕದಲ್ಲಿದ್ದ ವೇಗದ ತಿರುಪನ್ನು ತಿರುಗಿಸಿದ. ಕಿಟಕಿಯಲ್ಲಿ 220 ಮೂಡಿತು. ಕೇಳಿದ್ದು 220, ಹೇಳಿದ್ದು 220, ಕಂಡದ್ದೂ 220. ಮನಸ್ಸಿಗೆ ಇನ್ನೇನು ಬೇಕು? ವಿಮಾನ ತಿರುಗದೆ ನಿಧಾನವಾಗತೊಡಗಿತು. 'ಇದ್ಯಾಕೆ ತಿರುಗ್ತಿಲ್ಲ?' ಎಂದು ಅವನು ಯಂತ್ರವನ್ನೇ ದೂರಿದ.

ನಕ್ಕುಬಿಡಬಹುದಾದ ಪ್ರಸಂಗವೇ ಸರಿ. ಆದರೆ ಬೆಂಗಳೂರಿನಲ್ಲಿ ಬೆಳೆದ ನನಗೆ ಅಂಥ ಪ್ರತಿ ಸಲವೂ 1990ರ ಫೆಬ್ರುವರಿ 14 ನೆನಪಾಗುತ್ತದೆ. ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ಸಂಖ್ಯೆಯ ಎ320 ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪದೆ, ಗಾಲ್ಫ್ ಮೈದಾನಕ್ಕೆ ಬಡಿದು ಉರಿಯಿತು. 146 ಮಂದಿಯಲ್ಲಿ 92 ಮಂದಿ ಸತ್ತರು. ಆಕಾಶ ತಿಳಿಯಾಗಿತ್ತು, ವಿಮಾನ ಹೊಸದು, ಎಂಜಿನ್‌ಗಳು ಸುಸ್ಥಿತಿಯಲ್ಲಿದ್ದವು. ಕೊನೆಯ ಹಂತದಲ್ಲಿ ಯಂತ್ರ ಮಾತ್ರ 'ಓಪನ್ ಡಿಸೆಂಟ್' ಎಂಬ ಮೋಡ್‌ನಲ್ಲಿತ್ತು. ಈ ಮೋಡ್‌ನಲ್ಲಿ ಎಂಜಿನ್‌ಗಳು ಐಡಲ್‌ಗೆ, ಅಂದರೆ ಕನಿಷ್ಠ ಶಕ್ತಿಗೆ, ಇಳಿದು ಸುಮ್ಮನಿರುತ್ತವೆ. ವೇಗವನ್ನು ಮೂತಿಯ ಏರಿಳಿತದಿಂದಲೇ ಕಾಯ್ದುಕೊಳ್ಳಬೇಕು. ರನ್‌ವೇ ತಲುಪಲು ಪೈಲಟ್ ಮೂತಿ ಎತ್ತಿದಷ್ಟೂ ವೇಗ ಸೋರುತ್ತ ಹೋಗಿ, 132 ನಾಟ್ ಇರಬೇಕಾದಲ್ಲಿ 106ಕ್ಕೆ ಕುಸಿಯಿತು. ಮೂತಿ ಎತ್ತ ಇರಬೇಕೆಂದು ಪೈಲಟ್‌ಗೆ ಪರದೆಯಲ್ಲಿ ತೋರಿಸುವ ಫ್ಲೈಟ್ ಡೈರೆಕ್ಟರ್‌ಗಳನ್ನು ಎರಡೂ ಕಡೆ ಆಫ್ ಮಾಡಿದ್ದರೆ, ಎಂಜಿನ್ ಶಕ್ತಿಯನ್ನು ಹೊಂದಿಸುವ ಆಟೊಥ್ರಸ್ಟ್ ತಾನಾಗಿ ವೇಗ ಕಾಯುವ ಮೋಡ್‌ಗೆ ಬರುತ್ತಿತ್ತು. ಒಂದು ಆಫ್ ಆಗಿತ್ತು, ಇನ್ನೊಂದು ಆನ್ ಆಗಿಯೇ ಉಳಿದಿತ್ತು.

ಆ ಮೋಡ್ ಹೇಗೆ ಬಂತು? ಹೆಚ್ಚು ಚರ್ಚೆಯಾದ ಊಹೆಯ ಪ್ರಕಾರ, ನಿಮಿಷಕ್ಕೆ 700 ಅಡಿಯಂತೆ ಇಳಿಯಲು ತಿರುಗಿಸಬೇಕಾದ ತಿರುಪಿನ ಬದಲು ಅದರ ಪಕ್ಕದ ಎತ್ತರದ ತಿರುಪು ತಿರುಗಿ, 700 ಅಡಿ ಎಂಬುದು ತಲುಪಬೇಕಾದ ಎತ್ತರವಾಯಿತು. ಎಚ್‌ಎಎಲ್ ನಿಲ್ದಾಣದ ನೆಲವೇ ಸಮುದ್ರಮಟ್ಟದಿಂದ ಸುಮಾರು 2900 ಅಡಿ ಮೇಲಿದೆ; ಅಂದರೆ ಯಂತ್ರ ಇಳಿಯಹೊರಟದ್ದು ನೆಲದೊಳಗಿನ ಎತ್ತರಕ್ಕೆ. ತನಿಖಾ ನ್ಯಾಯಾಲಯ ಈ ಊಹೆಯನ್ನು ಖಚಿತವೆಂದು ಹೇಳಲಿಲ್ಲ. ಮೋಡ್ ಬಂದ ಕಾರಣ ಗುರುತಿಸಲಾಗದೆಂದೇ ದಾಖಲಿಸಿತು. ಯಂತ್ರ ನಾನೂರು, ಮುನ್ನೂರು, ಇನ್ನೂರು ಎಂದು ಉಳಿದ ಅಡಿಗಳನ್ನು ಕೂಗಿ ಹೇಳಿದ ಮೇಲೂ ಥ್ರಾಟಲ್ ಮುಂದಕ್ಕೆ ಹೋಗಲಿಲ್ಲವೆಂಬುದನ್ನು ಅದು ಮುಖ್ಯ ಕಾರಣವಾಗಿ ಕಂಡಿತು.

ಆದ್ದರಿಂದ ನಾನು ಶಿಷ್ಯರಿಗೆ ಮೊದಲು ಕಲಿಸುವುದು ತಿರುಪನ್ನು ನಂಬಬೇಡಿ ಎಂದು. ತಿರುಪಿನ ಕಿಟಕಿ ನೀವು ಕೇಳಿದ್ದನ್ನು ತೋರಿಸುತ್ತದೆ; ಯಂತ್ರ ಒಪ್ಪಿಕೊಂಡದ್ದು ಕಾಣುವುದು ಮುಖ್ಯ ಪರದೆಯ ಮೇಲ್ಭಾಗದ ಎಫ್‌ಎಂಎ ಪಟ್ಟಿಯಲ್ಲಿ. ಅಲ್ಲಿನ ಪ್ರತಿ ಬದಲಾವಣೆಯನ್ನೂ ಬಾಯಿಬಿಟ್ಟು ಓದಬೇಕು. ತೂಕವನ್ನಂತೂ, ಅದರ ಲೆಕ್ಕ ಬರೆದ ಲೋಡ್‌ಶೀಟ್ ಕೈಗೆ ಬರುವ ಮೊದಲೇ ಮನಸ್ಸಿನಲ್ಲಿ ಅಂದಾಜು ಮಾಡಿ ಕಾಗದದ ಮೂಲೆಯಲ್ಲಿ ಗೀಚಿಕೊಳ್ಳಲು ಹೇಳುತ್ತೇನೆ, ಏಕೆಂದರೆ ಬಂದ ಅಂಕಿಯನ್ನು ಒಮ್ಮೆ ಕಂಡ ಮೇಲೆ ಅಂದಾಜೂ ಅದರತ್ತಲೇ ವಾಲುತ್ತದೆ. ಇಬ್ಬರು ಪೈಲಟ್‌ಗಳೂ ಮೂಲ ಕಾಗದದಿಂದಲೇ ಬೇರೆಬೇರೆಯಾಗಿ ಓದಬೇಕು. ಒಬ್ಬ ಟೈಪ್ ಮಾಡಿದ್ದನ್ನು ಇನ್ನೊಬ್ಬ ಪರದೆಯಲ್ಲೇ ನೋಡಿ 'ಸರಿ' ಎಂದರೆ ಅದು ಪರೀಕ್ಷೆಯಲ್ಲ, ಸೌಜನ್ಯ.

ಆ 220ರ ಶಿಷ್ಯ ಈಗ ಕ್ಯಾಪ್ಟನ್. ತಿರುಪಿಗೆ ಕೈ ಹಾಕುವ ಮುನ್ನ ಅದರ ಹೆಸರನ್ನು ಪಿಸುಗುಟ್ಟುವ ಅಭ್ಯಾಸ ಅವನಿಗೆ ಉಳಿದುಬಿಟ್ಟಿದೆಯೆಂದೂ, ಪಕ್ಕದಲ್ಲಿ ಕುಳಿತ ಕಿರಿಯರು ಅದನ್ನು ಮಂತ್ರವೆಂದು ತಮಾಷೆ ಮಾಡುತ್ತಾರೆಂದೂ ಕೇಳಿದ್ದೇನೆ.