ಕೋಣೆಯೊಳಗೊಂದು ಅದಿರು ಗಾಡಿ

ಬಳ್ಳಾರಿಯಿಂದ ತೋರಣಗಲ್ಲಿನ ಕಡೆಗೆ ಸಾಗುವ ಅದಿರಿನ ಗೂಡ್ಸ್ ಗಾಡಿಯನ್ನು ಮನೆಯ ಕೋಣೆಯಲ್ಲಿ ಮಾದರಿಯಾಗಿ ಓಡಿಸಲು ಹೊರಟವರಿಗೆ ಮೊದಲು ಎದುರಾಗುವುದು ಜಾಗದ ಲೆಕ್ಕ. ಮಾದರಿ ರೈಲುಗಳಿಗೆ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಎಂಬ ಅಳತೆಯಲ್ಲಿ ಉದ್ದಗಳೆಲ್ಲ 87ರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಅದಿರು, ಕಲ್ಲಿದ್ದಲು ಸಾಗಿಸುವ, ಮೇಲ್ಭಾಗ ತೆರೆದ, ಸುಮಾರು 10.7 ಮೀಟರ್ ಉದ್ದದ ಬಾಕ್ಸ್‌ಎನ್ ವ್ಯಾಗನ್ 12 ಸೆಂ.ಮೀ.ಗೆ ಕುಗ್ಗುತ್ತದೆಯಾದರೂ, 58 ವ್ಯಾಗನ್‌ಗಳ ಪೂರ್ಣ ರೇಕಿಗೆ ಎಂಜಿನ್ ಹೊರತುಪಡಿಸಿಯೇ 7 ಮೀಟರ್ ಬೇಕು. ಹತ್ತು ಹನ್ನೆರಡು ವ್ಯಾಗನ್‌ಗಳಿಗೆ ತೃಪ್ತರಾಗುವುದು ಲೇಸು.

ತಿರುವುಗಳು ಇನ್ನೂ ಕಠಿಣ. ಬ್ರಾಡ್‌ಗೇಜ್ ಹಳಿಯ ಅತಿ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 175 ಮೀಟರ್. ಇದೇ ಪ್ರಮಾಣದಲ್ಲಿ ಮಾದರಿಗೆ 2 ಮೀಟರ್, ಅಂದರೆ ಗಾಡಿ ಹಿಂದಿರುಗಲು 4 ಮೀಟರ್ ಅಗಲ ಬೇಕು. ಅಂಗಡಿಯಲ್ಲಿ ಸಿಗುವ ತಿರುವು ಹಳಿಗಳ ತ್ರಿಜ್ಯ ಸಾಮಾನ್ಯವಾಗಿ ಅರ್ಧ ಮೀಟರನ್ನೂ ಮುಟ್ಟದಿರುವುದರಿಂದ, ಉದ್ದನೆಯ ಬೋಗಿಗಳ ಮೂಲೆಗಳು ಅಲ್ಲಿ ಹಳಿಯಾಚೆ ಚಾಚಿಕೊಂಡು ಕಾಣುತ್ತವೆ. ಹಳಿಯ ಅಗಲವೂ ನಮಗೆ ಒಗ್ಗುವುದಿಲ್ಲ: 1676 ಮಿ.ಮೀ. ಬ್ರಾಡ್‌ಗೇಜ್ ಮಾದರಿಯಲ್ಲಿ 19.3 ಮಿ.ಮೀ. ಆಗಬೇಕಿತ್ತು, ಆದರೆ ವಿದೇಶಿ 1435 ಮಿ.ಮೀ. ಗೇಜಿಗೆ ಹೊಂದಿಸಿದ 16.5 ಮಿ.ಮೀ. ಹಳಿಯೇ ಸಿಗುತ್ತದೆ. ಹವ್ಯಾಸಿಗಳು ಇದನ್ನು ನೋಡಿಯೂ ನೋಡದಂತೆ ಇರುತ್ತಾರೆ, ಅದು ತಪ್ಪೇನಲ್ಲ.

ತೂಕದ ಮಾತು ಬೇರೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕವು 87ರ ಘನದಷ್ಟು, ಅಂದರೆ ಸುಮಾರು 6.6 ಲಕ್ಷ ಪಟ್ಟು ಇಳಿಯುತ್ತದೆ. ತುಂಬಿದಾಗ 81 ಟನ್ ತೂಗುವ ವ್ಯಾಗನ್ ಹೀಗೆ 125 ಗ್ರಾಮಿನ ಆಸುಪಾಸಿಗೆ ಬರುತ್ತದೆ. ಮಾದರಿ ಹಳಿಯ ಮೇಲೆ ಕುಪ್ಪಳಿಸದೆ ಓಡಲು ಬೇಕಾದ ತೂಕವೂ ಹೆಚ್ಚುಕಡಿಮೆ ಇಷ್ಟೇ. ಸರಕು ತುಂಬುವಾಗ ಇನ್ನೊಂದು ಸೂಕ್ಷ್ಮವಿದೆ. ರಾಯಚೂರಿನ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲು ಹಗುರವಾದ್ದರಿಂದ ವ್ಯಾಗನ್ನಿನ ಅಂಚಿನವರೆಗೂ ತುಂಬಿರುತ್ತದೆ, ಆದರೆ ಭಾರದ ಕಬ್ಬಿಣದ ಅದಿರು ವ್ಯಾಗನ್ನಿನ ಅರ್ಧ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ. ಅಂಚಿನವರೆಗೆ ಕೆಂಪು ಪುಡಿ ತುಂಬಿದ ಮಾದರಿ ಈ ಭಾಗದವರ ಕಣ್ಣಿಗೆ ಕೂಡಲೇ ಸುಳ್ಳೆನಿಸುತ್ತದೆ. ನಿಜವಾದ ಅದಿರಿನ ಪುಡಿಯನ್ನೇ ಬಳಸುವುದಾದರೆ ಮೊದಲು ಅಯಸ್ಕಾಂತ ಹಿಡಿದು ನೋಡಬೇಕು. ಅಂಟಿಕೊಳ್ಳುವ ಕಣಗಳು ಎಂಜಿನ್ನಿನ ಮೋಟಾರಿಗೆ ಸೇರುತ್ತವೆ.

ಬಿಸಿಲು ಮಾತ್ರ ಅಳತೆಗೆ ತಕ್ಕಂತೆ ಕುಗ್ಗುವುದಿಲ್ಲ. ಆರ್‌ಸಿಸಿ ಚಾವಣಿಯ ಕೆಳಗಿನ ಕೋಣೆಯಲ್ಲಿ ಚಳಿಗಾಲದ ಮುಂಜಾವಿಗೂ ಬೇಸಿಗೆಯ ಮಧ್ಯಾಹ್ನಕ್ಕೂ 25 ಡಿಗ್ರಿ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಆಗ 3 ಮೀಟರ್ ಉದ್ದದ ನಿಕ್ಕಲ್ ಸಿಲ್ವರ್ (ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ) ಹಳಿ ಒಂದು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಜೋಡಣೆಗಳನ್ನೆಲ್ಲ ಬೆಸುಗೆ ಹಾಕಿ ಬಿಗಿದಿದ್ದರೆ ಹಳಿ ಬಾಗಿ ಗಾಡಿ ಕೆಳಗಿಳಿಯುತ್ತದೆ. ಸಂದು ಬಿಟ್ಟರೆ ಎಂಜಿನ್ನಿಗೆ ಹಳಿಯ ಮೂಲಕವೇ ಹರಿಯುವ 12 ವೋಲ್ಟ್ ವಿದ್ಯುತ್ತು ಜೋಡಣೆಗಳಲ್ಲಿ ಸೊರಗುತ್ತದೆ. ಆದ್ದರಿಂದ ಸಂದುಗಳನ್ನು ಹಾಗೆಯೇ ಉಳಿಸಿ, ಪ್ರತಿ ಹಳಿ ತುಂಡಿಗೂ ಅದನ್ನು ಕೂರಿಸಿದ ಪ್ಲೈವುಡ್ಡಿನ ಕೆಳಗಿನಿಂದ ಪ್ರತ್ಯೇಕ ತಂತಿ ಕೊಡುವುದು ವಾಡಿಕೆ.