ಜಾಸ್ತಿ ದುಡ್ಡು ಕೊಟ್ಟವರೇ ಗೂಗಲ್‌ನಲ್ಲಿ ಮೇಲೆ ಬರೋದು ಅಲ್ವಾ?

ಓದುಗರ ಪ್ರಶ್ನೆ: ಚನ್ನಪಟ್ಟಣದ ಮರದ ಬೊಂಬೆಗಳನ್ನು ನಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತೇವೆ. ಗೂಗಲ್ ಆ್ಯಡ್ಸ್ ಒಂದು ಸಲ ಮಾಡಿ ನೋಡೋಣ ಅಂತಿದ್ದೇವೆ. ಆದರೆ ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಸುರಿಯುವ ಕಡೆ ನಮ್ಮ ತಿಂಗಳ ಹತ್ತು ಸಾವಿರ ಯಾವ ಲೆಕ್ಕ? ದುಡ್ಡು ಜಾಸ್ತಿ ಕೊಟ್ಟವರೇ ಮೇಲೆ ಬರೋದು ಅಲ್ವಾ?

ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಹಪ್ಪಳ ಸಂಡಿಗೆ ಮಾಡುವವರು ಕೇಳುತ್ತಾರೆ, ಹೋಮ್‌ಸ್ಟೇಯವರು ಕೇಳುತ್ತಾರೆ, ಮೊನ್ನೆ ವಾಷಿಂಗ್ ಮೆಷಿನ್ ರಿಪೇರಿ ಮಾಡುವವರೊಬ್ಬರೂ ಕೇಳಿದರು. ಅದಕ್ಕೇ ಈ ಸಲ ಲೆಕ್ಕದ ಸಮೇತ ಬಿಡಿಸಿ ಹೇಳುತ್ತೇನೆ. ಗೂಗಲ್‌ನಲ್ಲಿ ಹುಡುಕಿದಾಗ ಫಲಿತಾಂಶಗಳ ಜೊತೆ ಕಾಣುವ ಸರ್ಚ್ ಜಾಹೀರಾತು ಅಂದರೇನು, ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ ದುಡ್ಡು ಕಟ್ ಆಗುತ್ತದೆ ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದು ಅರ್ಥವಾಗುತ್ತದೆ. ಗೂಗಲ್ ಇದನ್ನು ಹರಾಜು ಅನ್ನುತ್ತದೆ. ಹರಾಜು ಅಂದಕೂಡಲೇ ನಮ್ಮ ತಲೆಗೆ ಬರುವುದು ಎಪಿಎಂಸಿಯ ಅಡಿಕೆ ಟೆಂಡರ್. ಜಾಸ್ತಿ ರೇಟು ಬರೆದವರಿಗೆ ಮಾಲು, ಅಲ್ಲಿಗೆ ಮುಗೀತು. ಒಂದು ಕಾಲದಲ್ಲಿ ಸರ್ಚ್ ಜಾಹೀರಾತೂ ಹಾಗೇ ಇತ್ತು. 1998ರಲ್ಲಿ ಅಮೆರಿಕದಲ್ಲಿ ಬಿಲ್ ಗ್ರಾಸ್ ಎಂಬುವರ ಗೋಟು ಡಾಟ್ ಕಾಮ್ ಈ ಪದ್ಧತಿ ಶುರು ಮಾಡಿತು. ಅಲ್ಲಿ ಬಿಡ್ (ಒಂದು ಕ್ಲಿಕ್ಕಿಗೆ ಇಷ್ಟರವರೆಗೆ ಕೊಡುತ್ತೇನೆ ಅಂತ ಹೇಳುವ ಮೊತ್ತ) ಜಾಸ್ತಿ ಇದ್ದವರು ಮೇಲೆ, ಕಡಿಮೆ ಇದ್ದವರು ಕೆಳಗೆ. ಆ ಕಂಪನಿಯೇ ಮುಂದೆ ಓವರ್ಚರ್ ಆಯಿತು. 2003ರಲ್ಲಿ ಅದನ್ನು ಯಾಹೂ ಕೊಂಡುಕೊಂಡಿತು. ಗೂಗಲ್ 2000ದಲ್ಲಿ ಆ್ಯಡ್‌ವರ್ಡ್ಸ್ ಶುರು ಮಾಡಿದರೂ ಕ್ಲಿಕ್ಕಿನ ಹರಾಜಿಗೆ ಬಂದದ್ದು 2002ರಲ್ಲಿ. ಬರುವಾಗಲೇ ಒಂದು ಬದಲಾವಣೆ ಮಾಡಿಕೊಂಡು ಬಂತು. ಬಿಡ್ ಒಂದನ್ನೇ ನೋಡಲಿಲ್ಲ. ಈ ಜಾಹೀರಾತನ್ನು ಜನ ಎಷ್ಟರ ಮಟ್ಟಿಗೆ ಕ್ಲಿಕ್ ಮಾಡುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿತು. ಅಂದರೆ, ನೀವು ಹೇಳುತ್ತಿರುವ ನಿಯಮ ಗೂಗಲ್‌ನಲ್ಲಿ ಕ್ಲಿಕ್ಕಿನ ಹರಾಜು ಶುರುವಾದಾಗಿನಿಂದಲೂ ಇಲ್ಲ.

ಈಗ ಲೆಕ್ಕ ನೋಡಿ. ಅರ್ಥವಾಗಲಿ ಅಂತ ಸರಳ ಮಾಡಿದ್ದೇನೆ. ಸಂಖ್ಯೆಗಳು ನನ್ನವು. ಒಳಗಿನ ನಿಜವಾದ ಲೆಕ್ಕದಲ್ಲಿ ಹುಡುಕುವವರ ಊರು, ಹೊತ್ತು, ಫೋನೋ ಕಂಪ್ಯೂಟರೋ ಅನ್ನುವುದೂ ಸೇರುತ್ತದೆ.

ಯಾರೋ ಒಬ್ಬರು "ಚನ್ನಪಟ್ಟಣ ಟಾಯ್ಸ್ ಫಾರ್ ಒನ್ ಇಯರ್ ಓಲ್ಡ್" ಅಂತ ಹುಡುಕುತ್ತಾರೆ. ಮೂವರು ಪೈಪೋಟಿಯಲ್ಲಿದ್ದಾರೆ. ದೊಡ್ಡ ಕಂಪನಿಯ ಬಿಡ್ 40 ರೂಪಾಯಿ. ಆದರೆ ಅದರ ಜಾಹೀರಾತು ಎಲ್ಲಾ ಆಟಿಕೆಗಳಿಗೂ ಒಂದೇ, ಕ್ಲಿಕ್ ಮಾಡಿದರೆ ರಿಮೋಟ್ ಕಾರು, ಪ್ಲಾಸ್ಟಿಕ್ ಬಂದೂಕು ಇರುವ ಪುಟ ತೆರೆಯುತ್ತದೆ. ಅದರ ಗುಣಮಟ್ಟಕ್ಕೆ ಗೂಗಲ್ ಕೊಡುವುದು 3 ಅಂಕ. ನಿಮ್ಮ ಬಿಡ್ 20 ರೂಪಾಯಿ. ನಿಮ್ಮ ಜಾಹೀರಾತಿನಲ್ಲಿ ಒಂದು ವರ್ಷದ ಮಗುವಿಗೆ ಅರಗಿನ ಬಣ್ಣದ ಮರದ ಗಿಲಕಿ ಅಂತಲೇ ಇದೆ, ಪುಟ ತೆರೆದರೆ ಅದೇ ಗಿಲಕಿ, ಬೆಲೆ, ಎಷ್ಟು ದಿನಕ್ಕೆ ತಲುಪುತ್ತದೆ ಎಲ್ಲಾ ಇದೆ. ನಿಮಗೆ 8 ಅಂಕ. ಮೂರನೆಯವರದು 18 ರೂಪಾಯಿ, 5 ಅಂಕ.

ಬಿಡ್ಡನ್ನು ಅಂಕದಿಂದ ಗುಣಿಸಿ. ದೊಡ್ಡ ಕಂಪನಿಗೆ 120. ನಿಮಗೆ 160. ಮೂರನೆಯವರಿಗೆ 90. ಮೇಲೆ ಬಂದವರು ನೀವು, ಅವರ ಅರ್ಧ ಬಿಡ್ ಹಾಕಿ.

ಇಷ್ಟಕ್ಕೇ ನಿಲ್ಲುವುದಿಲ್ಲ. ನೀವು ಹಾಕಿದ ಬಿಡ್ ಪೂರ್ತಿ ಕೊಡಬೇಕಾಗಿಲ್ಲ. ನಿಮ್ಮ ಕೆಳಗಿನವರನ್ನು ದಾಟಲು ಎಷ್ಟು ಬೇಕೋ ಅಷ್ಟು ಸಾಕು. ಅವರ 120ನ್ನು ನಿಮ್ಮ 8ರಿಂದ ಭಾಗಿಸಿದರೆ 15. ನೀವು ಕ್ಲಿಕ್ಕಿಗೆ ಕೊಡುವುದು 15 ರೂಪಾಯಿ ಚಿಲ್ಲರೆ. ಎರಡನೇ ಜಾಗದ ದೊಡ್ಡ ಕಂಪನಿ 90ನ್ನು ದಾಟಬೇಕು. 90 ಭಾಗಿಸು 3 ಅಂದರೆ 30 ರೂಪಾಯಿ. ಮೇಲಿರುವ ನೀವು 15 ಕೊಡುತ್ತೀರಿ, ಕೆಳಗಿರುವ ಅವರು 30 ಕೊಡುತ್ತಾರೆ. ನಾನು ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗಲೆಲ್ಲ ಯಾರಾದರೂ ಒಬ್ಬರು ಫೋನ್ ತೆಗೆದು ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡುತ್ತಾರೆ. ನೋಡಲೇಬೇಕು. ತಾವೇ ಒತ್ತಿ ನೋಡಿದವರು ಈ ಲೆಕ್ಕವನ್ನು ಮರೆಯುವುದಿಲ್ಲ.

"ಗೂಗಲ್‌ಗೆ ಏನು ಲಾಭ? ಜಾಸ್ತಿ ಕೊಡುವವರನ್ನು ಯಾಕೆ ಬಿಡುತ್ತಾರೆ?" ಇದು ಮುಂದಿನ ವಾದ. ಅದಕ್ಕೂ ಲೆಕ್ಕವೇ ಉತ್ತರ. ಕ್ಲಿಕ್ ಆದರೆ ತಾನೇ ಗೂಗಲ್‌ಗೆ ದುಡ್ಡು? ಸಾವಿರ ಜನ ನೋಡಿದರು ಅನ್ನಿ. 40 ರೂಪಾಯಿಯ ಜಾಹೀರಾತನ್ನು ಹತ್ತು ಜನ ಒತ್ತಿದರೆ 400. 20 ರೂಪಾಯಿಯದನ್ನು ಮೂವತ್ತು ಜನ ಒತ್ತಿದರೆ 600. ಅವರು ನಿಮ್ಮ ಮೇಲೆ ಕರುಣೆ ತೋರಿಸುತ್ತಿಲ್ಲ. ಜನರಿಗೆ ಬೇಕಾದ್ದನ್ನು ಮೇಲಿಟ್ಟರೆ ಅವರಿಗೇ ಜಾಸ್ತಿ ಸಿಗುತ್ತದೆ.

ಬಿಡ್‌ಗೆ ಬೆಲೆಯೇ ಇಲ್ಲ ಅಂತಲ್ಲ. ಸಾಲ, ಇನ್ಶೂರೆನ್ಸ್‌ನಂಥ ಕಡೆ ಎಲ್ಲರ ಜಾಹೀರಾತೂ ಚೆನ್ನಾಗಿರುತ್ತದೆ, ಆಗ ದುಡ್ಡೇ ಮಾತಾಡುತ್ತದೆ. ತೀರಾ ಕಡಿಮೆ ಬಿಡ್ ಹಾಕಿದರೆ ಗೂಗಲ್ ಇಟ್ಟಿರುವ ಕನಿಷ್ಠ ಮಟ್ಟವನ್ನೇ ಮುಟ್ಟದೆ ಜಾಹೀರಾತು ಕಾಣಿಸದೆಯೂ ಇರಬಹುದು. ಬರೀ "ಟಾಯ್ಸ್" ಅನ್ನುವ ಪದದ ಮೇಲೆ ನೀವು ನಿಂತರೂ ಸೋಲುತ್ತೀರಿ. ಅಲ್ಲಿ ಸೋಲುವುದು ದುಡ್ಡು ಕಡಿಮೆ ಅಂತ ಮಾತ್ರ ಅಲ್ಲ. ಟಾಯ್ಸ್ ಅಂತ ಹುಡುಕಿದವರಿಗೆ ಬೇಕಾದ್ದು ನಿಮ್ಮ ಬಳಿ ಇಲ್ಲ.

ಹಾಗಾಗಿ ಹತ್ತು ಸಾವಿರ ಸಾಕಾ ಅಂತ ಕೇಳುವ ಮೊದಲು, ಯಾವ ಪದಕ್ಕೆ ಅಂತ ಕೇಳಿಕೊಳ್ಳಿ. ಇಲ್ಲೇ ಸಣ್ಣವರ ದುಡ್ಡು ನೀರಿನಂತೆ ಹರಿದು ಹೋಗುವುದು. ನಿಮ್ಮದೇ ವ್ಯಾಪಾರ ತೆಗೆದುಕೊಳ್ಳಿ. "ಚನ್ನಪಟ್ಟಣ ಟಾಯ್ಸ್" ಅಂತ ಕೀವರ್ಡ್ (ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕು ಅನ್ನುವ ಪದ) ಹಾಕಿ, ಅದು ಹುಡುಕಾಟಕ್ಕೆ ಎಷ್ಟು ಹೊಂದಬೇಕು ಅನ್ನುವ ಮ್ಯಾಚ್ ಟೈಪನ್ನು ಬ್ರಾಡ್ (ಸ್ವಲ್ಪ ಸಂಬಂಧವಿದ್ದರೂ ಸಾಕು) ಅಂತಲೇ ಬಿಟ್ಟರೆ ಯಾರಿಗೆಲ್ಲ ಕಾಣಿಸಬಹುದು ಗೊತ್ತಾ? ಕೆಎಎಸ್, ಯುಪಿಎಸ್‌ಸಿಗೆ ಓದುವವರಿಗೆ, ಯಾಕೆಂದರೆ ಈ ಬೊಂಬೆಗಳಿಗೆ ಜಿಐ ಟ್ಯಾಗ್ (ಭೌಗೋಳಿಕ ಸೂಚಕ) ಇದೆ, ಅದು ಪರೀಕ್ಷೆಗೆ ಬೇಕು. ಪ್ರಾಜೆಕ್ಟ್ ಮಾಡುವ ಹೈಸ್ಕೂಲು ಮಕ್ಕಳಿಗೆ. ಬೊಂಬೆಯ ಚಿತ್ರ ಬಿಡಿಸಲು ಫೋಟೋ ಹುಡುಕುವವರಿಗೆ. ಬೊಂಬೆ ಮಾಡುವ ಆಲೆ ಮರ ಎಲ್ಲಿ ಸಿಗುತ್ತದೆ ಅನ್ನುವವರಿಗೆ. ಆಂಧ್ರದ ಕೊಂಡಪಲ್ಲಿ, ಏಟಿಕೊಪ್ಪಾಕ ಬೊಂಬೆ ಹುಡುಕುವವರಿಗೂ. ಇವರಲ್ಲಿ ಕೆಲವರು ಕ್ಲಿಕ್ ಮಾಡುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ದುಡ್ಡು ಹೋಗಿದ್ದು ನಿಮ್ಮದು.

ಮೊದಲ ವಾರ ದಿನಾ ಸರ್ಚ್ ಟರ್ಮ್ಸ್ ರಿಪೋರ್ಟ್ ತೆರೆದು ನೋಡಿ. ಜನ ಏನು ಟೈಪ್ ಮಾಡಿ ನಿಮ್ಮ ಜಾಹೀರಾತಿಗೆ ಬಂದರು ಅನ್ನುವುದು ಅಲ್ಲಿರುತ್ತದೆ, ಪೂರ್ತಿ ಅಲ್ಲದಿದ್ದರೂ ಬಹಳಷ್ಟು. ಹಿಸ್ಟರಿ, ಇಮೇಜಸ್, ಡ್ರಾಯಿಂಗ್, ಪ್ರಾಜೆಕ್ಟ್, ಯುಪಿಎಸ್‌ಸಿ, ಮೇಕಿಂಗ್, ಜಾಬ್ಸ್ ಇವನ್ನೆಲ್ಲ ನೆಗೆಟಿವ್ ಕೀವರ್ಡ್ ಮಾಡಿ, ಅಂದರೆ ಈ ಪದಗಳಿದ್ದರೆ ಜಾಹೀರಾತು ಕಾಣದಂತೆ ಮಾಡಿ. ಆಮೇಲೆ ಬ್ರಾಡ್‌ಗಿಂತ ಬಿಗಿಯಾದ ಎಕ್ಸಾಕ್ಟ್ ಮತ್ತು ಫ್ರೇಸ್ ಮ್ಯಾಚ್‌ನಲ್ಲಿ ಕೊಳ್ಳುವ ಮನಸ್ಸು ಕಾಣುವ ಕೆಲವೇ ಪದ ಇಟ್ಟುಕೊಳ್ಳಿ. ಕಾರ್ಪೊರೇಟ್ ಗಿಫ್ಟ್, ರಿಟರ್ನ್ ಗಿಫ್ಟ್, ಒಂದು ವರ್ಷದ ಮಗುವಿಗೆ ಅನ್ನುವಂಥವು. ಕನ್ನಡ ಲಿಪಿಯಲ್ಲೂ ಹಾಕಿ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೀತಿಯಲ್ಲೂ ಹಾಕಿ. ಭಾಷೆಯ ಸೆಟ್ಟಿಂಗ್‌ನಲ್ಲಿ ಮಾತ್ರ, ಅದು ನಿಮಗೆ ಕಾಣಿಸಿದರೆ, ಕನ್ನಡ ಒಂದನ್ನೇ ಆರಿಸಬೇಡಿ, ಇಂಗ್ಲಿಷೂ ಇರಲಿ. ಕನ್ನಡದವರ ಎಷ್ಟೋ ಫೋನುಗಳು ಇಂಗ್ಲಿಷಿನಲ್ಲೇ ಇರುತ್ತವೆ.

ಈಗ ಹತ್ತು ಸಾವಿರದ ಲೆಕ್ಕ. ನಿಮ್ಮ ಒಂದು ಗಿಫ್ಟ್ ಸೆಟ್ಟಿನಲ್ಲಿ ಎಲ್ಲಾ ಖರ್ಚು ಕಳೆದು 700 ರೂಪಾಯಿ ಉಳಿಯುತ್ತದೆ ಅಂದುಕೊಳ್ಳಿ. ನೂರು ಜನ ಸೈಟಿಗೆ ಬಂದರೆ ಇಬ್ಬರು ಕೊಳ್ಳುತ್ತಾರೆ ಅಂದುಕೊಳ್ಳಿ. ನೂರು ಕ್ಲಿಕ್ಕಿಗೆ 1,400 ರೂಪಾಯಿ ಬಂತು. ಅಂದರೆ ಒಂದು ಕ್ಲಿಕ್ಕಿಗೆ ನೀವು 14 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಕೈಯಿಂದ ಹೋಗುತ್ತದೆ. ಈ 14 ನಿಮ್ಮ ಗೆರೆ. ಪಕ್ಕದವರು ಎಷ್ಟು ಬಿಡ್ ಹಾಕುತ್ತಾರೆ ಅನ್ನುವುದು ಆಮೇಲಿನ ಮಾತು. ಬಿಡಿ ಬುಗುರಿ ಮಾರಿ 30 ರೂಪಾಯಿ ಉಳಿಯುವ ಪುಟಕ್ಕೆ ಜಾಹೀರಾತಿನಿಂದ ಜನ ಕರೆಸುವುದು ಯಾವ ಲೆಕ್ಕದಲ್ಲೂ ಗಿಟ್ಟುವುದಿಲ್ಲ.

ಜಿಎಸ್‌ಟಿ ಮರೆಯಬೇಡಿ. ಜಾಹೀರಾತಿನ ಖರ್ಚಿನ ಮೇಲೆ ಶೇ 18 ಇದೆ. ಇನ್ನೊಂದು, ನೀವು ಹಾಕುವ ದಿನದ ಬಜೆಟ್ ಸರಾಸರಿ ಮಾತ್ರ. ಒಂದೊಂದು ದಿನ ಅದರ ಎರಡರಷ್ಟು ಖರ್ಚಾಗಬಹುದು. ತಿಂಗಳಿಗೆ 30.4ರಿಂದ ಗುಣಿಸಿದಷ್ಟರ ಒಳಗೆ ನಿಲ್ಲುತ್ತದೆ. ದಿನಕ್ಕೆ 275 ಹಾಕಿದರೆ ತಿಂಗಳಿಗೆ 8,360, ತೆರಿಗೆ ಸೇರಿ 9,865. ಕ್ಲಿಕ್ಕಿಗೆ 12 ರೂಪಾಯಿ ಬಿದ್ದರೆ ಸುಮಾರು 697 ಕ್ಲಿಕ್, ನೂರಕ್ಕೆ ಇಬ್ಬರಂತೆ 14 ಆರ್ಡರ್, 9,800 ರೂಪಾಯಿ. ಅಲ್ಲಿಂದಲ್ಲಿಗೆ. ಜಿಎಸ್‌ಟಿ ನಂಬರ್ ಕೊಟ್ಟು ಇನ್‌ಪುಟ್ ಕ್ರೆಡಿಟ್ (ಇಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಳ್ಳುವವರಿಗೆ ಒಂದೂವರೆ ಸಾವಿರದ ಹತ್ತಿರ ಉಳಿಯುತ್ತದೆ. ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನವರಿಗೆ ಆ ಕ್ರೆಡಿಟ್ ಇಲ್ಲ. ಇದರ ಮೇಲೆ ಏನಾದರೂ ಗಿಟ್ಟಬೇಕಾದರೆ ಸೈಟ್ ಸುಧಾರಿಸಬೇಕು. ನೂರಕ್ಕೆ ಇಬ್ಬರ ಬದಲು ಮೂವರು ಕೊಂಡರೆ ಇದೇ ದುಡ್ಡಿಗೆ ಲೆಕ್ಕ ಪೂರ್ತಿ ಬೇರೆ.

ಆದರೆ ಎಷ್ಟು ಜನ ಕೊಂಡರು ಅನ್ನುವುದು ಗೊತ್ತಾಗಬೇಕಲ್ಲ? ನಮ್ಮಲ್ಲಿ ಅರ್ಧ ಆರ್ಡರ್ ವಾಟ್ಸ್ಆ್ಯಪ್‌ನಲ್ಲೇ ಮುಗಿಯುತ್ತದೆ. ವಾಟ್ಸ್ಆ್ಯಪ್ ಬಟನ್ ಮತ್ತು ಫೋನ್ ನಂಬರ್ ಎರಡಕ್ಕೂ ಕನ್ವರ್ಷನ್ ಟ್ರ್ಯಾಕಿಂಗ್ (ಜಾಹೀರಾತಿನಿಂದ ಬಂದವರಲ್ಲಿ ಎಷ್ಟು ಜನ ಅದನ್ನು ಒತ್ತಿದರು ಅನ್ನುವ ಲೆಕ್ಕ) ಹಾಕಿಸಿ. ಇದಿಲ್ಲದೆ ಶುರು ಮಾಡಬೇಡಿ, ದಯವಿಟ್ಟು.

ಸೆಟ್ಟಿಂಗ್‌ಗಳಲ್ಲಿ ಮೊದಲೇ ಟಿಕ್ ಆಗಿರುವುದನ್ನು ಹಾಗೇ ಬಿಡಬೇಡಿ. ಸರ್ಚ್ ಕ್ಯಾಂಪೇನ್‌ನಲ್ಲಿ ಡಿಸ್‌ಪ್ಲೇ ನೆಟ್‌ವರ್ಕ್, ಸರ್ಚ್ ಪಾರ್ಟ್‌ನರ್ಸ್ ಎರಡನ್ನೂ ತೆಗೆಯಿರಿ, ಅವು ನಿಮ್ಮ ಜಾಹೀರಾತನ್ನು ಗೂಗಲ್ ಸರ್ಚ್‌ನ ಹೊರಗಿನ ಸೈಟುಗಳಲ್ಲೂ ತೋರಿಸುತ್ತವೆ. ಲೊಕೇಷನ್‌ನಲ್ಲಿ ಆ ಊರಿನಲ್ಲಿ ಇರುವವರು ಮಾತ್ರವಲ್ಲ, ಆ ಊರಿನ ಬಗ್ಗೆ ಆಸಕ್ತಿ ತೋರಿದವರೂ ಸೇರಿರುತ್ತಾರೆ. ಬೆಂಗಳೂರಿಗೆ ಮಾತ್ರ ಡೆಲಿವರಿ ಕೊಡುವವರು ಅದನ್ನು ಬದಲಿಸಲೇಬೇಕು. ಸಕಲೇಶಪುರದ ಹೋಮ್‌ಸ್ಟೇಯವರು ಸಕಲೇಶಪುರವನ್ನೇ ಟಾರ್ಗೆಟ್ ಮಾಡುವುದನ್ನು ನೋಡಿದ್ದೇನೆ. ಅಲ್ಲಿಯವರಿಗೆ ಮನೆ ಇದೆಯಲ್ಲ, ರೂಮು ಹುಡುಕುವವರು ಬೆಂಗಳೂರಿನಲ್ಲಿದ್ದಾರೆ! ಇನ್ನು ನಿಮ್ಮ ಜಾಹೀರಾತು ಕಾಣುತ್ತಿದೆಯಾ ಅಂತ ನೀವೇ ಗೂಗಲ್‌ನಲ್ಲಿ ಪದೇ ಪದೇ ಹುಡುಕಬೇಡಿ. ನೋಡಿಯೂ ಕ್ಲಿಕ್ ಮಾಡದವರ ಲೆಕ್ಕಕ್ಕೆ ನೀವೂ ಸೇರುತ್ತೀರಿ. ಅದಕ್ಕೇ ಅಂತ ಅಕೌಂಟಿನೊಳಗೆ ಆ್ಯಡ್ ಪ್ರಿವ್ಯೂ ಸೌಲಭ್ಯ ಇದೆ.

ನೀವು ಕೇಳಿಲ್ಲ, ಆದರೆ ಅಕೌಂಟ್ ತೆರೆದ ಮೇಲೆ ಖಂಡಿತ ಎದುರಾಗುವ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಅಂಗಡಿಯ ಹೆಸರಿನ ಮೇಲೆಯೇ ಜಾಹೀರಾತು ಕೊಡಬೇಕಾ? ಜಾಹೀರಾತು ನೋಡಿಕೊಳ್ಳುವ ಏಜೆನ್ಸಿಗಳಿಗೆ ಇದು ಬಹಳ ಇಷ್ಟ, ಯಾಕೆಂದರೆ ರಿಪೋರ್ಟ್ ಚೆಂದ ಕಾಣುತ್ತದೆ. ನಿಮ್ಮ ಹೆಸರು ಟೈಪ್ ಮಾಡಿದವರು ಕೊಳ್ಳಲೆಂದೇ ಬಂದವರು. ಅವರು ಹೇಗೂ ಕೊಳ್ಳುತ್ತಿದ್ದರು.

ಇದನ್ನು ಆನ್‌ಲೈನ್ ಮಾರಾಟದ ಇಬೇ ಕಂಪನಿ ಪರೀಕ್ಷೆ ಮಾಡಿಯೇ ನೋಡಿತು. 2012ರಲ್ಲಿ ಅಮೆರಿಕದಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಸರ್ಚ್‌ನಲ್ಲಿ ತನ್ನ ಹೆಸರಿನ ಜಾಹೀರಾತು ನಿಲ್ಲಿಸಿತು. ಹೋದ ಕ್ಲಿಕ್ಕುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೆಳಗಿನ ಮಾಮೂಲಿ ಫಲಿತಾಂಶದ ಮೂಲಕ ಬಿಟ್ಟಿಯಾಗಿ ವಾಪಸ್ ಬಂದವು. ಬೇರೆ ಪದಗಳ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಜಾಹೀರಾತು ಕೆಲಸ ಮಾಡಿದ್ದು ಇಬೇಯಲ್ಲಿ ಮೊದಲು ಕೊಳ್ಳದವರ, ಅಪರೂಪಕ್ಕೆ ಕೊಳ್ಳುವವರ ಮೇಲೆ. ನಿಮ್ಮನ್ನು ಬಲ್ಲವರಿಗಿಂತ ನಿಮ್ಮನ್ನು ಕೇಳಿಯೇ ಇರದವರ ಮೇಲೆ ಖರ್ಚು ಮಾಡಿದರೆ ಫಲ ಜಾಸ್ತಿ. ಸಣ್ಣ ಅಂಗಡಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ? ನಿಮ್ಮನ್ನು ಕೇಳಿರದವರೇ ಜಾಸ್ತಿ ತಾನೇ!

ಒಂದು ಸಂದರ್ಭ ಮಾತ್ರ ಬೇರೆ. ನಿಮ್ಮ ಹೆಸರು ಹುಡುಕಿದಾಗ ಇನ್ನೊಬ್ಬರ ಜಾಹೀರಾತು ಮೇಲೆ ಬರುತ್ತಿದ್ದರೆ ನಿಮ್ಮ ಹೆಸರಿಗೆ ಸಣ್ಣ ಬಜೆಟ್ ಇಡಿ. ನಿಮ್ಮ ಹೆಸರಿಗೆ ನಿಮ್ಮ ಅಂಕವೇ ಜಾಸ್ತಿ ಇರುವುದರಿಂದ ಮೇಲಿನ ಲೆಕ್ಕದಂತೆಯೇ ಕಡಿಮೆಗೆ ಬೀಳುತ್ತದೆ. ಅವರನ್ನು ತಡೆಯಬಹುದಾ ಅಂದರೆ, ಬರೀ ಕೀವರ್ಡ್ ಆಗಿ ಬಳಸಿದ್ದಕ್ಕೆ ತಡೆಯುವುದು ಕಷ್ಟ. 2023ರ ಆಗಸ್ಟ್‌ನಲ್ಲಿ ಗೂಗಲ್ ಮತ್ತು ಡಿಆರ್‌ಎಸ್ ಲಾಜಿಸ್ಟಿಕ್ಸ್ ನಡುವಿನ ಕೇಸಿನಲ್ಲಿ ದಿಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿದ್ದು ಇದನ್ನೇ. ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಕೀವರ್ಡ್ ಮಾಡಿಕೊಂಡ ಮಾತ್ರಕ್ಕೆ ಅದು ಉಲ್ಲಂಘನೆ ಆಗುವುದಿಲ್ಲ, ಗ್ರಾಹಕರಿಗೆ ಗೊಂದಲ ಆಗುವಂತಿದ್ದರೆ ಆಗುತ್ತದೆ. ಗೂಗಲ್ ಕೂಡ ತನಗೇನೂ ಸಂಬಂಧವಿಲ್ಲ ಅಂತ ಕೈತೊಳೆದುಕೊಳ್ಳುವಂತಿಲ್ಲ ಅಂತಲೂ ಅದೇ ತೀರ್ಪು ಹೇಳಿತು. ನಿಮ್ಮ ಹೆಸರನ್ನು ಅವರು ಜಾಹೀರಾತಿನ ಸಾಲಿನಲ್ಲೇ ಬರೆದುಕೊಂಡಿದ್ದರೆ ಮಾತ್ರ ಸುಮ್ನೆ ಬಿಡಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು, ಟ್ರೇಡ್‌ಮಾರ್ಕ್ ನೋಂದಣಿ ಸಂಖ್ಯೆಯ ಜೊತೆ ಗೂಗಲ್‌ನ ಟ್ರೇಡ್‌ಮಾರ್ಕ್ ದೂರಿನ ಫಾರ್ಮ್ ತುಂಬಿ. ನೋಂದಣಿ ಇನ್ನೂ ಮಾಡಿಸಿಲ್ಲ ಅಂದರೆ ಜಾಹೀರಾತಿನ ಮೊದಲ ತಿಂಗಳಲ್ಲೇ ಅದಕ್ಕೂ ಅರ್ಜಿ ಹಾಕಿಬಿಡಿ.